ಅಂಟುವ ಮಾತು, ಅಂಟದ ಇಸಬು

ಮೈ ತುರಿಸಿಕೊಳ್ಳುವವರು ಇರುವ ಮನೆಯಲ್ಲಿ ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಮ್ಮೆ ಅದೇ ಬಾಗಿಲು ತಟ್ಟುತ್ತದೆ. ನಮ್ಮ ಮನೆಯಲ್ಲಿ ಇಸಬು ಇಬ್ಬರಿಗೆ. ಒಬ್ಬ ನಾನು: ಎರಡೂ ಕೈಗೆ, ನೆನಪು ಶುರುವಾದಾಗಿನಿಂದ. ಇನ್ನೊಬ್ಬಳು ನನ್ನ ತಂಗಿಯ ಮಗಳು: ಮೊಣಕೈ ಮಡಚುವಲ್ಲಿ, ಮೊಣಕಾಲ ಹಿಂದೆ, ಕುತ್ತಿಗೆಯ ಸುತ್ತ. ಅವಳಿಗೆ ಎಂಟು ವರ್ಷ, ಮೂರನೇ ತರಗತಿ. ನನಗೆ ಐವತ್ತರ ಆಸುಪಾಸು, ಆರನೇ ಇಯತ್ತೆ, ಅದೂ ಪೂರ್ತಿ ಅಲ್ಲ.

ಊರೂರು ತಿರುಗಿ, ಹತ್ತು ಕೆಲಸ ಹಿಡಿದು ಹತ್ತೂ ಬಿಟ್ಟು, ಈಗ ನಾಚಾರಂನಿಂದ ಮಣಿಕೊಂಡದ ತನಕ ರಟ್ಟಿನ ಡಬ್ಬಿ ಸಾಗಿಸುವ ಟ್ರಾಲಿ ಆಟೋ ಓಡಿಸುತ್ತೇನೆ. ಇರುವುದು ಮಲ್ಕಾಜ್‌ಗಿರಿಯಲ್ಲಿ, ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ. ತಂಗಿಯ ಗಂಡನಿಗೆ ರೈಲ್ವೆ ನೌಕರಿ. ಮನೆಯಲ್ಲಿ ಇರುವುದಕ್ಕಿಂತ ಡ್ಯೂಟಿಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮನೆಯ ಕಾರುಬಾರು ಅವರ ತಾಯಿಯದು. ಎಲ್ಲರೂ ಅವರನ್ನು ಅಜ್ಜಿ ಅನ್ನುವುದರಿಂದ ನಾನೂ ಅಜ್ಜಿ ಅನ್ನುತ್ತೇನೆ. ನನಗಿಂತ ಹದಿನೈದು ವರ್ಷವಷ್ಟೇ ದೊಡ್ಡವರು, ಅದಕ್ಕೆ ಅವರಿಗೆ ಸ್ವಲ್ಪ ಬೇಜಾರೂ ಇದೆ.

೧. ತಾಮರ

ಅಜ್ಜಿ ವಿಜಯಪುರದ ಕಡೆಯವರು, ಹೈದರಾಬಾದಿಗೆ ಬಂದು ಎರಡು ವರ್ಷ. ತೆಲುಗು ತಮಗೆ ಬರುತ್ತದೆ ಅನ್ನುವುದು ಅವರ ನಂಬಿಕೆ. ಕನ್ನಡವನ್ನೇ ಸ್ವಲ್ಪ ಎಳೆದು, ಕೊನೆಗೆ ಒಂದು ‘ಅಂಡಿ’ ಹಚ್ಚಿದರೆ ಆಯಿತು, ಅದು ತೆಲುಗು.

ಒಂದು ಶುಕ್ರವಾರ ಪಕ್ಕದ ಮನೆಯ ತೆಲುಗಿನ ಹೆಣ್ಣುಮಗಳು ನಮ್ಮ ಹುಡುಗಿಯ ಮೊಣಕೈ ಹಿಡಿದು ನೋಡಿ, ಮುಖ ಸಣ್ಣಗೆ ಮಾಡಿ, “ಅಮ್ಮಾಯಿಕಿ ತಾಮರ ವಚ್ಚಿಂದಿ” ಅಂದಳು, ಹುಡುಗಿಗೆ ತಾಮರ ಬಂದಿದೆ ಅಂತ. ತೆಲುಗಿನಲ್ಲಿ ತಾಮರ ಅಂದರೆ ತಾವರೆ ಹೂವೂ ಹೌದು, ಇಸಬು-ಗಜಕರ್ಣದಂಥ ಚರ್ಮದ ಕಾಯಿಲೆಯೂ ಹೌದು. ಅಜ್ಜಿಗೆ ಗೊತ್ತಿದ್ದದ್ದು ಹೂವು ಮಾತ್ರ. ಕನ್ನಡಕ ಹಾಕಿಕೊಂಡು ಅವರೂ ನೋಡಿದರು. ದುಂಡಗಿನ ಮಚ್ಚೆ, ಅಂಚಿನಲ್ಲಿ ಎಸಳು ಎಸಳಾಗಿ ಸಿಪ್ಪೆ. ಹುಡುಗಿಯ ಮೊಣಕೈ ಮೇಲೆ ಸಾಕ್ಷಾತ್ ಲಕ್ಷ್ಮಿ ಕೂರುವ ಹೂವು ಅರಳಿದೆ, ನಾವು ಇಷ್ಟು ದಿನ ಅದಕ್ಕೆ ಬೇವಿನ ಎಣ್ಣೆ ಹಚ್ಚಿ ಅಪಚಾರ ಮಾಡಿದ್ದೇವೆ ಅಂತ ಅವರಿಗೆ ಅನ್ನಿಸಿತು.

ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಮೊಣಕೈಗೆ ಆರತಿ ಆಗಿತ್ತು. ಕುಂಕುಮ ಹಚ್ಚಿದ್ದಕ್ಕೆ ಹುಡುಗಿ ಉರಿ ಉರಿ ಅಂತ ಕುಣಿಯುತ್ತಿದ್ದಳು. ಅಜ್ಜಿ ಮಾತ್ರ ಸಕ್ಕರೆಯ ಬಟ್ಟಲು ಹಿಡಿದು ನಾಲ್ಕೂ ಮಹಡಿ ಹತ್ತಿಳಿದು, ಬಾಗಿಲು ತೆರೆದವರಿಗೆಲ್ಲ “ಮಾ ಅಮ್ಮಾಯಿಕಿ ತಾಮರ ವಚ್ಚಿಂದಂಡಿ” ಅಂತ ಹೇಳಿ ಬಂದಿದ್ದರು. ಮರ್ಯಾದಸ್ಥ ಜನ. ಸಕ್ಕರೆಯನ್ನು ಕೈಯೊಡ್ಡಿ ಇಸಕೊಂಡರು, ಆಮೇಲೆ ತಮ್ಮ ತಮ್ಮ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಸಕ್ಕರೆ ಹಂಚಿ ಕಾಯಿಲೆ ಸಾರಿದ ಮನೆ ಇಡೀ ಮಲ್ಕಾಜ್‌ಗಿರಿಯಲ್ಲಿ ನಮ್ಮದೊಂದೇ.

ನಗೆ ಸೋಮವಾರದ ತನಕ ಬಾಳಿತು. ಎರಡನೇ ಮಹಡಿಯ ಹುಡುಗಿ ನಮ್ಮವಳ ಜೊತೆ ಒಂದೇ ಬೆಂಚಿನಲ್ಲಿ ಕೂರುವವಳು, ಜೀವದ ಗೆಳತಿ. ಅವಳ ತಾಯಿ ಶಾಲೆಗೆ ಹೋಗಿ ಮಾತಾಡಿ ಬಂದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಹುಡುಗಿಯನ್ನು ಕಡೆಯ ಬೆಂಚಿಗೆ, ಬಾಗಿಲ ಪಕ್ಕಕ್ಕೆ, ಒಬ್ಬಳನ್ನೇ ಕೂರಿಸಿದರು.

ಅವಳು ಮನೆಗೆ ಬಂದು ಅಳಲಿಲ್ಲ. ಕಾಲುಚೀಲ ಕಳಚುತ್ತಾ ನನ್ನನ್ನು ಕೇಳಿದಳು, “ಮಾಮಾ, ಇದು ಹೋದ್ರ ಮತ್ತ ಅಕಿ ಬಾಜೂ ಕೂಡಬಹುದಲ್ಲ?”

೨. ಬಾಗಿಲ ಪಕ್ಕದ ಜಾಗ

ಬಾಗಿಲ ಪಕ್ಕದ ಜಾಗ ನನಗೆ ಗೊತ್ತು. ನಾನೂ ಅಲ್ಲೇ ಕೂತವನು. ನಮ್ಮ ಮಾಸ್ತರು ಒಂದು ದಿನ ಎಲ್ಲರ ಉಗುರು ನೋಡುತ್ತಾ ಬಂದು, ನನ್ನ ಕೈ ನೋಡಿ, ಏನೂ ಅನ್ನದೆ ಬಾಗಿಲ ಹತ್ತಿರ ಒಂದು ಬೇರೆ ಗೋಣಿತಟ್ಟು ಹಾಸಿಸಿದರು. ಬಾಗಿಲ ಹತ್ತಿರ ಕೂತವನಿಗೆ ಪಾಠಕ್ಕಿಂತ ರಸ್ತೆ ಚೆನ್ನಾಗಿ ಕಾಣುತ್ತದೆ. ಒಂದು ದಿನ ಲಾರಿಯವನೊಬ್ಬ ನಿಲ್ಲಿಸಿ ಸಂತೆ ಬಯಲಿನ ದಾರಿ ಕೇಳಿದ. ತೋರಿಸಿ ಬರುತ್ತೇನೆ ಅಂತ ಎದ್ದೆ. ಇನ್ನೂ ವಾಪಸ್ ಹೋಗಿಲ್ಲ.

ಅಂದಿನಿಂದ ನನಗೆ ಕಾಲು ನಿಲ್ಲದವ ಅಂತ ಹೆಸರು. ಖಾನಾವಳಿಯಲ್ಲಿ ಪಾತ್ರೆ ತೊಳೆದೆ, ಬಿಟ್ಟೆ. ನಾಚಾರಂನಲ್ಲಿ ಬಟ್ಟೆ ಸೋಪಿನ ಪುಡಿ ತುಂಬುವ ಕೆಲಸ, ಬಿಟ್ಟೆ. ಮಣಿಕೊಂಡದ ಅಪಾರ್ಟ್‌ಮೆಂಟುಗಳಿಗೆ ಸಿಮೆಂಟು ಕಲಸಿದೆ, ಅದೂ ಬಿಟ್ಟೆ. ಎಲ್ಲರೂ ಕಾಲಿನ ಮೇಲೆ ತಪ್ಪು ಹಾಕಿದರು. ನನ್ನನ್ನು ಊರೂರು ಓಡಿಸಿದ್ದು ಕೈ. ಸೋಪಿನ ನೀರು ಒಂದು ತಿಂಗಳಿಗೆ ಕೈ ಸೀಳುತ್ತಿತ್ತು, ಸಿಮೆಂಟು ಹದಿನೈದು ದಿನಕ್ಕೆ. ಕೈಯಿಂದ ರಕ್ತ ಬರುತ್ತದೆ ಅಂತ ಹೇಳಿ ಕೆಲಸ ಬಿಡುವುದಕ್ಕಿಂತ, ಮನಸ್ಸಿಲ್ಲ ಅಂತ ಹೇಳಿ ಬಿಡುವುದು ನನಗೆ ಸುಲಭವಾಗಿತ್ತು.

ಮದುವೆಯ ಮಾತೂ ಹೀಗೇ ಹೋಯಿತು. ಹೆಣ್ಣು ನೋಡಲು ಹೋದಾಗ ಕೈ ತೋರಿಸಬಾರದು ಅಂತ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೆ. ಹಿರಿಯರು ಬಂದರು, ತೆಗೆಯಲಿಲ್ಲ. ಅವಲಕ್ಕಿ ಕೊಟ್ಟರು, ಹಸಿವಿಲ್ಲ ಅಂದೆ. ಹುಡುಗಿ ಬಂದು ನಮಸ್ಕಾರ ಮಾಡಿದಳು, ನಾನು ತಲೆ ಅಲ್ಲಾಡಿಸಿದೆ. ಮರುದಿನ ಅವರ ಕಡೆಯಿಂದ ಸುದ್ದಿ ಬಂತು: ಹುಡುಗನಿಗೆ ಸೊಕ್ಕು ಭಾಳ ಐತಿ. ಇಸಬಿಗಿಂತ ಸೊಕ್ಕೇ ವಾಸಿ ಅಂತ ನಾನೂ ಸುಮ್ಮನಾದೆ.

ಅದಕ್ಕೇ, ಮಗು ಬಾಗಿಲ ಪಕ್ಕ ಕೂತ ಸುದ್ದಿ ತಿಳಿದ ಕೂಡಲೆ ಅವಳನ್ನು ಒಂದೇ ಮಾತು ಕೇಳಿದೆ: ಅಲ್ಲಿಂದ ಏನು ಕಾಣುತ್ತದೆ ಅಂತ. “ರೋಡು ಕಾಣ್ತದ ಮಾಮಾ. ನಿಮ್ಮ ಆಟೋ ಹೋಗೂದೂ ಕಾಣ್ತದ,” ಅಂದಳು, ಖುಷಿಯಿಂದಲೇ.

ಮರುದಿನದಿಂದ ನಾನು ಬೇರೆ ರಸ್ತೆ ಹಿಡಿದು ನಾಚಾರಂಗೆ ಹೋಗತೊಡಗಿದೆ.

೩. ಪರ್ಸೋಂ

ಅಜ್ಜಿಗೆ ತಾವರೆಯ ನಿಜ ಗೊತ್ತಾದ ಮೇಲೆ ಅವರು ಪ್ರಾಯಶ್ಚಿತ್ತಕ್ಕೆ ನಿಂತರು. ಇದೆಲ್ಲ ಮೈಯ ಕೊಳೆ, ತಿಕ್ಕಿದರೆ ಹೋಗುತ್ತದೆ ಅಂತ ಅವರ ತೀರ್ಮಾನ. ಮೊದಲಿನಿಂದಲೂ ತಿಕ್ಕುತ್ತಿದ್ದರು, ಈಗ ಪಣ ತೊಟ್ಟು ತಿಕ್ಕಿದರು. ಹೊಗೆಯಾಡುವ ಬಿಸಿನೀರು, ಕಡಲೆ ಹಿಟ್ಟು, ತೆಂಗಿನ ನಾರು. ಹುಡುಗಿ ಬಚ್ಚಲಿನಿಂದ ಹೊರಗೆ ಬಂದರೆ ಕೆಂಡದಂತೆ ಕೆಂಪಗೆ. ಸ್ವಚ್ಛ ಅಂದರೆ ಇದು, ನೋಡು ಅನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಅದೇ ಮೈ ಒಣಗಿದ ಕೆರೆಯ ತಳದಂತೆ ಬಿರುಕು ಬಿಡುತ್ತಿತ್ತು. ಬಿರುಕು ಬಿಟ್ಟಿತು ಅಂತ ಮರುದಿನ ಇನ್ನೂ ಬಿಸಿ ನೀರು.

ನಾನೇನು ಕಡಿಮೆ? ನನ್ನ ಕೈಗೆ ವರ್ಷಾನುಗಟ್ಟಲೆ ಹಚ್ಚುತ್ತಿದ್ದ ಒಂದು ಟ್ಯೂಬು ಇತ್ತು. ಮೆಡಿಕಲ್ ಅಂಗಡಿಯವ ಚೀಟಿ ಕೇಳದೆ ಕೊಡುವಂಥದ್ದು. ನಾನು ಮೊದಲ ಸಲ ಹೋದಾಗ ಅವ, “ಲಗಾಲೋ ಭಾಯಿ, ಪರ್ಸೋಂ ತಕ್ ಸಾಫ್ ಹೋ ಜಾತಾ” ಅಂದಿದ್ದ. ಬೇರೆ ಊರಲ್ಲಿ ಪರ್ಸೋಂ ಅಂದರೆ ನಾಡಿದ್ದು, ಇಲ್ಲವೇ ಮೊನ್ನೆ. ಹೈದರಾಬಾದಿನಲ್ಲಿ ಪರ್ಸೋಂ ಅಂದರೆ ಇವತ್ತು ಬಿಟ್ಟು ಯಾವ ದಿನ ಬೇಕಾದರೂ ಆಗುತ್ತದೆ. ಟ್ಯೂಬಿನ ಗುಣವೂ ಹಾಗೇ: ಮೂರು ದಿನದಲ್ಲಿ ಇಸಬು ಮಾಯ, ಬಿಟ್ಟ ಏಳನೇ ದಿನಕ್ಕೆ ಬಂಧು-ಬಳಗ ಕರೆದುಕೊಂಡು ವಾಪಸ್.

ಆ ಟ್ಯೂಬನ್ನೇ ಹುಡುಗಿಗೂ ಹಚ್ಚಿದೆ, ಯಾರನ್ನೂ ಕೇಳದೆ. ಮೂರು ದಿನದಲ್ಲಿ ಮೊಣಕೈ ಮಿರಿಮಿರಿ ಹೊಳೆಯಿತು. ನನ್ನನ್ನು ಮನೆಯವರು ಡಾಕ್ಟರನಂತೆ ನೋಡಿದರು. ಒಂದು ತಿಂಗಳು ಹಚ್ಚಿದ್ದಕ್ಕೆ ಅಲ್ಲಿನ ಚರ್ಮ ತೆಳ್ಳಗೆ, ಬಿಳಿಚಿಕೊಂಡು, ಒಳಗಿನ ನರ ಕಾಣುವಂತಾಯಿತು. ನಿಲ್ಲಿಸಿದ ವಾರಕ್ಕೆ ಇಸಬು ಕುತ್ತಿಗೆಯ ತನಕ ಏರಿತು. ನಾನು ಅಂಗಡಿಗೆ ಹೋಗಿ ಜಗಳ ತೆಗೆದೆ. ಪರ್ಸೋಂ ಸಾಫ್ ಆಗುತ್ತದೆ ಅಂದಿದ್ದಿ, ಎಷ್ಟು ವರ್ಷ ಆಯಿತು ಗೊತ್ತಾ ಅಂದೆ. ಅವನು ಎಣಿಕೆ ಹಾಕಿ ನೋಡಿದ, ಬಹಳ ತಾಳ್ಮೆಯಿಂದ. “ಹಾಂ ಭಾಯಿ, ಪರ್ಸೋಂಚ್ ತೋ ಬೋಲಾ ಥಾ.” ಮೊನ್ನೆಯಷ್ಟೇ ಹೇಳಿದ್ದೆನಲ್ಲ ಅಂತ.

೪. ಯಾರ ಕಡೆಯದು

ಕೊನೆಗೆ ತಂಗಿ ಎಲ್ಲರನ್ನೂ ಸುಮ್ಮನಿರಿಸಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ತೆಲುಗಿನ ಹೆಣ್ಣುಮಗಳು, ನಿಧಾನಸ್ಥೆ. ಮೊದಲು ಹುಡುಗಿಯ ಕೈ ಹಿಡಿದುಕೊಂಡು ಮಾತಾಡಿಸಿದರು. ಅಷ್ಟು ಹೊತ್ತು ಯಾರೋ ಹೊರಗಿನವರು ತನ್ನ ಕೈ ಹಿಡಿದುಕೊಂಡಿದ್ದು ನೋಡಿ ಹುಡುಗಿ ನನ್ನ ಕಡೆ ತಿರುಗಿ ತಿರುಗಿ ನೋಡಿದಳು.

ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಅಂತ ಡಾಕ್ಟರು ಕೇಳಿದರು. ಅಜ್ಜಿಗೆ ಈ ಪ್ರಶ್ನೆ ಅರ್ಥವಾಯಿತು. ತಮ್ಮ ಮನೆತನದಲ್ಲಿ ಇಂಥದ್ದು ಏಳು ತಲೆಮಾರಿನಿಂದ ಇಲ್ಲ, ಸೋದರಮಾವ ಇಲ್ಲೇ ಕೂತಿದ್ದಾನೆ, ಅವನ ಕೈ ನೋಡಿ ಅಂದರು. ನಾನು ಅಭ್ಯಾಸದಂತೆ ಕೈ ಜೇಬಿಗೆ ಹಾಕಿದೆ. ಡಾಕ್ಟರು ಬಿಡಲಿಲ್ಲ, ಹೊರಗೆ ತೆಗೆಸಿ ನೋಡಿದರು. ಆಮೇಲೆ ಮನೆಯಲ್ಲಿ ಉಬ್ಬಸ ಯಾರಿಗಿದೆ, ಎದ್ದ ಕೂಡಲೆ ಸೀನು ಯಾರಿಗಿದೆ ಅಂತ ಕೇಳಿದರು. ತಂಗಿ ಈ ಗಳಿಗೆಗೆ ಹತ್ತು ವರ್ಷದಿಂದ ಕಾದವಳಂತೆ ತೆಲುಗಿನಲ್ಲಿ ಹೇಳಿದಳು: ಉಬ್ಬಸ ಅತ್ತೆಯವರಿಗೆ, ಮುಂಜಾನೆ ಇಪ್ಪತ್ತು ಸೀನು ಅತ್ತೆಯವರ ಮಗನಿಗೆ. ಡಾಕ್ಟರು ನಕ್ಕು, ಉಬ್ಬಸ, ಸೀನು, ಇಸಬು ಮೂರೂ ಒಂದೇ ಬಳಗದವು, ಹುಡುಗಿಗೆ ಎರಡೂ ಕಡೆಯಿಂದ ಬಂದಿದೆ ಅಂದರು.

ತಂಗಿ ಇದನ್ನು ಕನ್ನಡಕ್ಕೆ ಇಳಿಸಿ ಹೇಳಿದಾಗ ಅಜ್ಜಿ ಹುಡುಗಿಯ ಮುಖವನ್ನೊಮ್ಮೆ ನೋಡಿದರು. ಇಲ್ಲಿಯ ತನಕ ಹುಡುಗಿಯ ಬಣ್ಣ, ಮೂಗು, ಲೆಕ್ಕದ ಬುದ್ಧಿ ಎಲ್ಲ ತಮ್ಮ ಕಡೆಯವೇ ಅಂತ ಹೇಳಿಕೊಂಡು ಬಂದವರು. “ಆಗಲಿ,” ಅಂದರು, “ಎಲ್ಲಾ ನಮ್ಮದೇ ಇದ್ದಾಗ ತುರಿಕಿ ಒಂದು ಪೂರ್ತಿ ನಿಮಗ ಯಾಕ ಬಿಡಬೇಕು?”

ಡಾಕ್ಟರು ಹೇಳಿದ್ದರಲ್ಲಿ ಕಠಿಣವಾದದ್ದು ಏನೂ ಇರಲಿಲ್ಲ. ಚರ್ಮ ಒಣಗುವ ಗುಣದ್ದು, ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಉಗುರುಬೆಚ್ಚಗಿನ ನೀರು, ಬೇಗ ಮುಗಿಸುವ ಸ್ನಾನ, ತಿಕ್ಕುವುದು ಬಂದ್. ಮೈ ಒತ್ತಿ ಒರೆಸಿ, ಹಸಿ ಇರುವಾಗಲೇ ಮೆತ್ತಗೆ ಮಾಡುವ ಮುಲಾಮು ಧಾರಾಳವಾಗಿ, ದಿನಕ್ಕೆ ಎರಡು ಸಲ, ವಾಸಿಯಾಗಿದ್ದ ದಿನವೂ. ಔಷಧದ ಮುಲಾಮು ಬೇರೆ. ಅದು ಕೆಂಪಾದ ಜಾಗಕ್ಕೆ ಮಾತ್ರ, ಹೇಳಿದಷ್ಟು ದಿನ. ಹೆದರಿ ಬಿಡಲೂ ಬಾರದು, ರುಚಿ ಹತ್ತಿ ಮುಂದುವರಿಸಲೂ ಬಾರದು. ಉಗುರು ಸಣ್ಣಗೆ, ಹತ್ತಿ ಬಟ್ಟೆ, ಬೆವರು ಆಗದ ಹಾಗೆ ನೋಡಿಕೊಳ್ಳಬೇಕು. ಬೇರು ಸಮೇತ ಹೋಗುತ್ತದೆ ಅಂತ ಮಾತು ಕೊಡುವುದಿಲ್ಲ, ಬಹಳ ಮಕ್ಕಳಿಗೆ ಬೆಳೆಯುತ್ತಾ ಕಡಿಮೆ ಆಗುತ್ತದೆ, ಅಲ್ಲಿಯ ತನಕ ಬಂದು ಹೋಗಿ ಮಾಡುತ್ತದೆ ಅಂದರು. ನನಗೂ ಹೇಳಿದರು: ಕೈ ತೊಳೆದಾಗೊಮ್ಮೆ ಮುಲಾಮು, ರಬ್ಬರ್ ಗ್ಲೌಸ್ ಹಾಕುವುದಾದರೆ ಒಳಗೆ ಹತ್ತಿಯದು. ಇದು ಸೋಪಿನ ಪುಡಿ ತುಂಬುತ್ತಿದ್ದ ದಿನಗಳಲ್ಲಿ ಗೊತ್ತಿದ್ದರೆ ನಾನು ಅಲ್ಲೇ ಮೇಸ್ತ್ರಿ ಆಗಿರುತ್ತಿದ್ದೆನೋ ಏನೋ.

ಶಾಲೆಯ ಕಥೆ ಕೇಳಿ ಒಂದು ಪತ್ರವನ್ನೂ ಬರೆದುಕೊಟ್ಟರು. ಎಲ್ಲರೂ ಹೊರಗೆ ಬಂದ ಮೇಲೆ ಅಜ್ಜಿ ಒಬ್ಬರೇ ಮತ್ತೆ ಒಳಗೆ ಹೋಗಿ ಡಾಕ್ಟರನ್ನು ಏನೋ ಕೇಳಿದರು. ಮುಖ ಇಳಿಸಿಕೊಂಡು ಬಂದರು. ಏನು ಕೇಳಿದಿರಿ ಅಂದರೆ ಹೇಳಲಿಲ್ಲ.

೫. ‘ದು’

ಅಷ್ಟರಲ್ಲಿ ದಸರೆಯ ರಜೆ ಬಿತ್ತು, ಪತ್ರ ಕಪಾಟಿನಲ್ಲಿ ಉಳಿಯಿತು. ಮುಲಾಮು ಕೆಲಸ ಮಾಡತೊಡಗಿತ್ತು. ವಾರದೊಳಗೆ ಕುತ್ತಿಗೆ ತಿಳಿಯಾಯಿತು, ಮೊಣಕೈ ಮೆತ್ತಗಾಯಿತು. ಆದರೆ ಹುಡುಗಿ ಮಾತ್ರ ಮಂಕು. ಕೇಳಿದರೆ ನನಗೊಬ್ಬನಿಗೇ ಹೇಳಿದಳು, “ಮನ್ಯಾಗೂ ಬಾಗಿಲ ಬಾಜೂ ಬೆಂಚ್ ಹಾಕ್ಯಾರ ಮಾಮಾ.”

ಆಗ ನನ್ನ ಕಣ್ಣಿಗೆ ಬಿತ್ತು. ಅವಳ ತಾಟು ಬೇರೆ, ಲೋಟ ಬೇರೆ. ಟವೆಲ್ಲಿಗೆ ಗುರುತಿಗೆ ಕೆಂಪು ದಾರ. ದಿನಾ ಅಜ್ಜಿಯ ತೊಡೆಯ ಮೇಲೆ ಕೂತು ಹೆರಳು ಹಾಕಿಸಿಕೊಳ್ಳುವವಳು ಈಗ ತಾಯಿಯ ಹತ್ತಿರ ಹೋಗುತ್ತಿದ್ದಳು. ತಂಗಿಗೆ ಹೇಳಿದೆ. ಅವಳು ಅಡುಗೆ ಮನೆಯಿಂದ ಹೊರಗೆ ಬಂದು ಅತ್ತೆಯನ್ನು ನೇರವಾಗಿ ಕೇಳಿದಳು, ಅಂಟೋ ಕಾಯಿಲೆ ಅಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ಲವಾ ಅಂತ.

“ನೀ ಸಮಾಧಾನ ಮಾಡಾಕ ಹೇಳಿದಿ ಅಂದ್ಕೊಂಡೆ. ಅದಕ್ಕ ನಾನೇ ಒಳಗ ಹೋಗಿ ಡಾಕ್ಟರಮ್ಮನ್ನ ಕೇಳಿದ್ನಿ. ಬಾಯಿ ಬಿಟ್ಟು ಹೇಳ್ಯಾರ ಆಕಿ, ಅಂಟ್ಕೊಳೋದು ಅಂತ.”

“ಏನಂದ್ರು? ಅವರ ಮಾತಿನಾಗೇ ಹೇಳ್ರಿ ಅತ್ತಿ.”

“ಇದಿ ಅಂಟುಕೋದು ಅಮ್ಮಾ, ಅಂದ್ರು.”

ತಂಗಿ ಅಲ್ಲೇ ನೆಲದ ಮೇಲೆ ಕೂತಳು. ನಗಬೇಕೋ ಅಳಬೇಕೋ ಅವಳಿಗೂ ಗೊತ್ತಾಗಲಿಲ್ಲ. ಅಂಟುಕೋದು ಅಂದರೆ ತೆಲುಗಿನಲ್ಲಿ ಅಂಟುವುದಿಲ್ಲ ಅಂತ. ನಮ್ಮಲ್ಲಿ ಬರೋದು, ಹೋಗೋದು, ಅಂಟೋದು ಅಂದರೆ ಆಗುವ ಮಾತು. ಅವರಲ್ಲಿ ರಾದು, ಪೋದು, ಅಂಟುಕೋದು ಅಂದರೆ ಆಗದ ಮಾತು. ನಮ್ಮ ‘ದು’ ಹೌದು ಅನ್ನುತ್ತದೆ, ಅವರ ‘ದು’ ಅಲ್ಲ ಅನ್ನುತ್ತದೆ. ಗಡಿಯ ಈಚೆಗೊಂದು, ಆಚೆಗೊಂದು.

ಅಜ್ಜಿ ಎದ್ದು ಹೋಗಿ, ಹುಡುಗಿ ಅರ್ಧ ಉಂಡು ಬಿಟ್ಟಿದ್ದ ಆ ಬೇರೆ ತಾಟನ್ನು ತಂದು, ಅದರಲ್ಲಿದ್ದ ಅನ್ನವನ್ನು ಎಲ್ಲರ ಮುಂದೆ ಉಂಡರು. ಉಂಡು ಮುಗಿಸಿ ನನ್ನ ಕಡೆ ನೋಡಿ, “ಎಂಟು ದಿನ ಮುಟ್ಟಲಿಲ್ಲಲೋ ತಮ್ಮಾ, ಕೂಸಿನ್ನ,” ಅಂದರು.

ಆಮೇಲೆ ಬೆರಳು ನೆಕ್ಕುವುದನ್ನು ಅರ್ಧಕ್ಕೆ ನಿಲ್ಲಿಸಿ, ಏನೋ ಹೊಳೆದಂತೆ ಕೇಳಿದರು: ಹಾಗಾದರೆ ಕಸದ ಗಾಡಿಯವ ಪ್ರತಿ ಶನಿವಾರ ‘ರೇಪು ಬಂಡಿ ರಾದು’ ಅನ್ನುವುದು, ನಾಳೆ ಗಾಡಿ ಬರುವುದಿಲ್ಲ ಅಂತಲೇ? ಹೌದು ಅಂದೆ. ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂದು ತಾಸು ಅವರು ಗೇಟಿನಲ್ಲಿ ಬಕೆಟ್ ಹಿಡಿದು ನಿಲ್ಲುತ್ತಿದ್ದರು.

೬. ಟೀಚರ ಮುಂದೆ

ರಜೆ ಮುಗಿಯಿತು. ಪತ್ರ ಕೊಡಲು ತಂಗಿ ಹೊರಟರೆ ಅಜ್ಜಿ ತಡೆದರು. ಕೆಡಿಸಿದವಳು ನಾನು, ಕಟ್ಟುವವಳೂ ನಾನೇ ಅಂದರು. ನನ್ನ ಟ್ರಾಲಿ ಆಟೋದಲ್ಲಿ ಪಕ್ಕಕ್ಕೆ ಒತ್ತಿಕೊಂಡು ಕೂತು, ಶಾಲೆ ಬರುವ ತನಕ ಜಪ ಮಾಡಿದರು: ಅಂಟುಕೋದು, ಅಂಟುಕೋದು, ಅಂಟುಕೋದು. ಮೊದಲು ಪತ್ರ ಕೊಡೋಣ, ಮಾತು ಆಮೇಲೆ ಅಂತ ನಾನು ಶಾಲೆಯ ಪಡಸಾಲೆಯಲ್ಲಿ ಹೇಳಿದೆ. ಕಾಗದ ಓದುವವರಿಗೆ ಕಾಗದ, ಮನುಷ್ಯರಿಗೆ ಮಾತು ಅಂತ ಅವರು ಜೋರಾಗಿಯೇ ನನ್ನ ಬಾಯಿ ಮುಚ್ಚಿಸಿದರು. ಕಿಟಕಿ ತೆರೆದಿತ್ತು. ಒಳಗೆ ಕೂತಿದ್ದ ಟೀಚರಿಗೆ ಈ ಕನ್ನಡದ ಜಗಳವೆಲ್ಲ ಕೇಳಿಸಿತ್ತು ಅಂತ ನಮಗೆ ಆಮೇಲೆ ಗೊತ್ತಾಯಿತು.

ಅಜ್ಜಿ ಒಳಗೆ ಹೋಗಿ, ಸೆರಗು ಸರಿಮಾಡಿಕೊಂಡು, ಎರಡು ಕೈ ಜೋಡಿಸಿ, ಒಂದಕ್ಷರ ತಪ್ಪದೆ ಹೇಳಿದರು: “ಟೀಚರಮ್ಮಾ, ಮಾ ಅಮ್ಮಾಯಿದಿ ಅಂಟುಕೋದು.”

ಟೀಚರು ಕುರ್ಚಿ ಹಿಂದಕ್ಕೆ ಸರಿಸಿದರು. “ಅಂಟ್ಕೊಳೋದೇನ್ರಿ ಅಮ್ಮಾರ? ಮತ್ತ ಸಾಲಿಗಿ ಯಾಕ ಕಳಸ್ತೀರಿ?”

ಬೀದರ ಕಡೆಯ ಹದವಾದ ಕನ್ನಡ. ತೆಲುಗಿನ ಮಕ್ಕಳಿಗೆ ತೆಲುಗಿನಲ್ಲಿ, ಉಳಿದವರಿಗೆ ಹಿಂದಿಯಲ್ಲಿ ಮಾತಾಡುತ್ತಾ ಇದ್ದ ಈ ಟೀಚರ ಮನೆ ಮಾತು ನಮ್ಮದೇ. ಪಡಸಾಲೆಯಲ್ಲಿ ನಮ್ಮ ಮಾತು ಕೇಳಿ ಅವರ ಕಿವಿ ಕನ್ನಡಕ್ಕೆ ತಿರುಗಿ ಕೂತಿತ್ತು, ಅಲ್ಲಿಗೆ ಅಜ್ಜಿಯ ಶುದ್ಧ ತೆಲುಗು ಹೋಗಿ ಬಿತ್ತು. ಅಜ್ಜಿ ಕಂಗಾಲು. ಜೀವಮಾನದಲ್ಲಿ ಒಂದೇ ಒಂದು ತೆಲುಗು ಮಾತನ್ನು ತಪ್ಪಿಲ್ಲದೆ ಆಡಿದ್ದರು, ಅದನ್ನು ಕೇಳಿದವರು ಕನ್ನಡದವರು.

ಆಮೇಲೆ ಅಜ್ಜಿ ಕುರ್ಚಿ ಎಳೆದುಕೊಂಡು ಕೂತು, ಕನ್ನಡದಲ್ಲೇ ಹೇಳಿದರು. ಸಕ್ಕರೆ ಹಂಚಿದ್ದು, ತಾಟು ಬೇರೆ ಮಾಡಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. “ಆರು ತಿಂಗಳು ಈ ಕೈಲೆ ಆಕಿನ್ನ ತಿಕ್ಕೀನಿ. ಅಂಟೂದಿದ್ರ ಮದಲ ನನಗ ಅಂಟಬೇಕಿತ್ತು, ನೋಡ್ರಿ ಕೈ. ದೂರ ಇಟ್ಟಿದ್ದು ನಾನೂ ಹೌದು, ನೀವೂ ಹೌದು. ನಾನು ಮಾತು ತಪ್ಪು ತಿಳದು ಇಟ್ಟೆ. ನೀವು ಯಾಕ ಇಟ್ರಿ, ನೀವೇ ಹೇಳ್ರಿ.”

ಟೀಚರು ಪತ್ರ ಓದಿದರು. ಅದನ್ನು ಮಡಚಿಟ್ಟು, ತಾಯಂದಿರ ಜೊತೆ ವಾದ ಮಾಡುವುದಕ್ಕಿಂತ ಒಂದು ಹುಡುಗಿಯನ್ನು ಹಿಂದೆ ಕಳಿಸುವುದು ಸುಲಭ ಅನ್ನಿಸಿತು ಅಂತ ಒಪ್ಪಿಕೊಂಡರು. ಬೆವರು ಆಗದ ಹಾಗೆ ಫ್ಯಾನಿನ ಕೆಳಗೆ ಕೂರಿಸಿ ಅಂತ ಪತ್ರದಲ್ಲಿತ್ತು. ತರಗತಿಯಲ್ಲಿ ಫ್ಯಾನು ಎರಡು, ತಿರುಗುವುದು ಒಂದು. ಅದರ ಕೆಳಗಿನ ಬೆಂಚು ನಮ್ಮ ಹುಡುಗಿಗೆ ಅಂತ ಅಲ್ಲೇ ನಿಕ್ಕಿಯಾಯಿತು. ಬೇಕಾದಾಗ ಎದ್ದು ನೀರು ಕುಡಿಯಬಹುದು, ಮುಲಾಮು ಹಚ್ಚಿಕೊಳ್ಳಬಹುದು. ಗೆಳತಿಯನ್ನು ಪಕ್ಕಕ್ಕೆ ಕೂರಿಸುವುದಕ್ಕೆ ಮಾತ್ರ ಅವಳ ತಾಯಿಯ ಒಪ್ಪಿಗೆ ಬೇಕು, ನಾನು ಮಾತಾಡುತ್ತೇನೆ, ಸ್ವಲ್ಪ ದಿನ ಕೊಡಿ ಅಂದರು.

ಹುಡುಗಿಗೆ ಸುದ್ದಿ ಹೇಳಿದರೆ, ಫ್ಯಾನಿನ ಗಾಳಿ ಚಲೋ ಅದ, ಆದರ ಒಬ್ಬಾಕೀಗಿ ಭಾಳ ಆಗ್ತದ ಅಂದಳು.

೭. ಏಳು ಮಂದಿ

ಒಂದು ವಾರ ಕಳೆದಿರಬೇಕು, ಟೀಚರ ಫೋನು ಬಂತು. ತಂಗಿಯ ಕೈ ರೊಟ್ಟಿ ಹಿಟ್ಟಿನಲ್ಲಿತ್ತು, ನಾನು ಎತ್ತಿದೆ. ಟೀಚರ ಧ್ವನಿ ಗಾಬರಿಯಲ್ಲಿತ್ತು. “ಅಂಟಂಗಿಲ್ಲ ಅಂದಿದ್ರಿ. ಇವತ್ತು ಏಳು ಮಂದಿಗಿ ಬಂದದ. ಲಗೂನ ಬರ್ರಿ.”

ಅಜ್ಜಿಯನ್ನು ಕೂರಿಸಿಕೊಂಡು ಆಟೋ ಓಡಿಸಿದೆ. ಡಾಕ್ಟರು ಹೇಳಿದ್ದು ಸುಳ್ಳಾಯಿತೇ, ಅಥವಾ ಮತ್ತೆ ಯಾವುದೋ ‘ದು’ ಕೈಕೊಟ್ಟಿತೇ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಇನ್ನು ನಮ್ಮ ಹುಡುಗಿಗೆ ಆ ಶಾಲೆಯಲ್ಲಿ ಬಾಗಿಲ ಪಕ್ಕದ ಜಾಗವೂ ಸಿಗುವುದಿಲ್ಲ ಅನ್ನಿಸಿತು.

ಶಾಲೆಯಲ್ಲಿ ಏಳು ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು, ತೋಳು ಮೇಲಕ್ಕೆ ಮಡಚಿ. ಏಳೂ ಮಂದಿಯ ಮೊಣಕೈಯಲ್ಲಿ ಕೆಂಪು ಮಚ್ಚೆ. ಸಾಲಿನ ಮೊದಲಿಗಳು ಗೆಳತಿ. ಅವಳ ತಾಯಿಗೂ ಫೋನು ಹೋಗಿತ್ತು. ನಮ್ಮ ಹಿಂದೆಯೇ ಓಡಿ ಬಂದು, ಮಗಳ ಕೈ ನೋಡಿ, ನಮ್ಮ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ. ನಮ್ಮ ಹುಡುಗಿ ಫ್ಯಾನಿನ ಕೆಳಗೆ ಒಬ್ಬಳೇ ಕೂತು, ಈಗ ತನ್ನನ್ನು ಎಲ್ಲಿಗೆ ಕಳಿಸುತ್ತಾರೋ ಅಂತ ಪಾಟಿಚೀಲ ಎದೆಗೆ ಅವಚಿಕೊಂಡಿದ್ದಳು.

ಅಜ್ಜಿ ಮಾತ್ರ ಗೆಳತಿಯ ಹತ್ತಿರ ಹೋಗಿ ಮೊಣಕೈಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಮೂಸಿದರು. ಸೆರಗಿನ ತುದಿಯನ್ನು ಅವಳದೇ ನೀರಿನ ಬಾಟಲಿಯಿಂದ ಒದ್ದೆ ಮಾಡಿ ಒಂದು ಸಲ ಒರೆಸಿದರು. ಇಸಬು ಪೂರ್ತಿ ಸೆರಗಿಗೆ ಬಂತು.

ಸ್ಕೆಚ್ ಪೆನ್ನು. ಎರಡನೆಯವನದೂ ಸ್ಕೆಚ್ ಪೆನ್ನು. ಮೂರನೆಯವಳು ಮನೆಯಿಂದಲೇ ಕುಂಕುಮ ಕಲಸಿ ಹಚ್ಚಿಕೊಂಡು ಬಂದಿದ್ದಳು. ಉಳಿದವರು ಒಂದೇ ಪೆನ್ನನ್ನು ಹಂಚಿಕೊಂಡಿದ್ದರು. ಅಜ್ಜಿಯ ಸೆರಗು ಹಾಳಾಯಿತು, ಏಳೂ ಮಂದಿ ಗುಣವಾದರು.

ಯಾಕೆ ಅಂತ ಕೇಳಿದರೆ ಆರು ಮಂದಿ ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದರು. ಗೆಳತಿ ಮಾತ್ರ ಫ್ಯಾನು ನೋಡಲಿಲ್ಲ. ತೊಳೆದು ಹೋಗಿದ್ದ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, ತಾಯಿಯನ್ನೇ ಕೇಳಿದಳು: “ಅಮ್ಮಾ, ನಾಕೂ ಅಂಟಿಂದಿ ಕದಾ. ಇಪ್ಪುಡು ಅಕ್ಕಡ ಕೂರ್ಚೋವಚ್ಚಾ?” ನನಗೂ ಅಂಟಿತಲ್ಲ, ಈಗಲಾದರೂ ಅಲ್ಲಿ ಕೂರಬಹುದಾ ಅಂತ.

ಆ ತಾಯಿ ಮಗಳ ಬ್ಯಾಗು ಎತ್ತಿಕೊಂಡು ಹೋಗಿ ತಾನೇ ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಇಟ್ಟಳು. ಇಟ್ಟು, ನಮ್ಮ ಹುಡುಗಿಯ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ಕಣ್ಣು ಒರೆಸಿಕೊಂಡು ಹೊರಗೆ ಹೋದಳು.

ಟೀಚರು ಉಳಿದ ಆರು ಮಂದಿಯನ್ನು ಅವರವರ ಜಾಗಕ್ಕೆ ಅಟ್ಟುತ್ತಿದ್ದರು. ನಮ್ಮ ಹುಡುಗಿ ಎದ್ದು ಬಂದು ತಡೆದಳು. ಒಬ್ಬೊಬ್ಬರ ಮೊಣಕೈಯನ್ನೂ ಬೆಳಕಿಗೆ ತಿರುಗಿಸಿ, ಥೇಟ್ ಆ ಡಾಕ್ಟರಂತೆ ಬೆರಳಿನಿಂದ ಸವರಿ ನೋಡಿದಳು. ಕೊನೆಯವನ ಕೈ ಬಿಟ್ಟು, ತನ್ನ ತೋಳು ಮಡಚಿ ಎಲ್ಲರಿಗೂ ಕಾಣುವಂತೆ ಹಿಡಿದು, ನನಗೆ ಹೇಳಿದಳು:

“ಇವರದೆಲ್ಲ ಡೂಪ್ಲಿಕೇಟ್ ಮಾಮಾ. ಒರಿಜಿನಲ್ ನನ್ನದೊಂದೇ.”